ಸೋತ ವರ್ಷವೂ ಗ್ಯಾಲರಿ ತುಂಬಬೇಕು: ವೃತ್ತಿಪರ ತಂಡವೊಂದರ ಬ್ರ್ಯಾಂಡ್ ಕಟ್ಟುವ ಕ್ರಮ

2008ರ ಏಪ್ರಿಲ್ 18ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ಕೋಲ್ಕತ್ತ ತಂಡದ ಬ್ರೆಂಡನ್ ಮೆಕಲಂ ಒಬ್ಬರೇ ಅಜೇಯ 158 ರನ್ ಹೊಡೆದರೆ, ತವರಿನ ರಾಯಲ್ ಚಾಲೆಂಜರ್ಸ್ ತಂಡ 82 ರನ್ನಿಗೆ ಆಲೌಟಾಗಿ 140 ರನ್ನುಗಳಿಂದ ಸೋತಿತು. ಆ ತಂಡ ಕಪ್ ಎತ್ತಿದ್ದು 2025ರ ಜೂನ್ 3ರಂದು, 18ನೆಯ ಆವೃತ್ತಿಯಲ್ಲಿ. ಆ ನಡುವೆ ಅದು 2009, 2011 ಮತ್ತು 2016ರಲ್ಲಿ ಫೈನಲ್ ತಲುಪಿ ಸೋತಿತು. 2017 ಮತ್ತು 2019ರಲ್ಲಿ ಪಟ್ಟಿಯ ತಳಕ್ಕೇ ಇಳಿಯಿತು. ಆದರೂ ಈ ಹದಿನೇಳು ವರ್ಷಗಳಲ್ಲಿ ಕೆಂಪು ಜರ್ಸಿ ತೊಟ್ಟವರ ಸಂಖ್ಯೆ ಕುಗ್ಗಲಿಲ್ಲ, ಹಿಗ್ಗಿತು. ಅದೇ 2008ರ ಹರಾಜಿನಲ್ಲಿ ಬೆಂಗಳೂರಿನ ತಂಡ 111.6 ದಶಲಕ್ಷ ಡಾಲರಿಗೆ, ಮುಂಬೈ ಬಿಟ್ಟರೆ ಅತಿ ಹೆಚ್ಚಿನ ಬೆಲೆಗೆ ಹೋಗಿತ್ತು. ಆದರೆ ಮೊದಲ ಕಪ್ ಗೆದ್ದದ್ದು 67 ದಶಲಕ್ಷ ಡಾಲರಿಗೆ, ಎಲ್ಲಕ್ಕಿಂತ ಕಡಿಮೆ ಬೆಲೆಗೆ ಹೋದ ರಾಜಸ್ಥಾನ. ಹಣ ಸುರಿದವರಿಗೆಲ್ಲ ಗೆಲುವು ಸಿಗುವುದಿಲ್ಲ, ಗೆದ್ದವರಿಗೆಲ್ಲ ಜನ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಊರಿನಲ್ಲೇ ಬೇರೆ ಇಲ್ಲ.

ರಾಜ್ಯ ಮಟ್ಟದ ಟಿ20 ಲೀಗಿನಲ್ಲೋ ಕಬಡ್ಡಿ, ಫುಟ್‌ಬಾಲ್, ವಾಲಿಬಾಲ್ ಲೀಗಿನಲ್ಲೋ ತಂಡವೊಂದನ್ನು ಕೊಳ್ಳಲು ಹೊರಟವರಿಗಾಗಿ ಮತ್ತು ಅಂಥ ತಂಡದ ವ್ಯವಹಾರದ ಹೊಣೆ ಹೊತ್ತವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದರ ಹಿಂದಿರುವ ನನ್ನ ನಂಬಿಕೆ ಒಂದೇ: ಗೆಲುವನ್ನು ನೆಚ್ಚಿ ವ್ಯವಹಾರ ಮಾಡಲಾಗದು, ಸೋತ ವರ್ಷವೂ ಟಿಕೆಟ್ ಕೊಂಡು ಬರುವ ಜನರನ್ನು ನೆಚ್ಚಿ ಮಾಡಬಹುದು. ಮುಂದಿನ ಪ್ರತಿಯೊಂದು ಹೆಜ್ಜೆಯೂ ಅಂಥ ಜನರನ್ನು ಸಂಪಾದಿಸುವ ಮತ್ತು ಉಳಿಸಿಕೊಳ್ಳುವ ಕೆಲಸವೇ ಆಗಿದೆ.

ಹೆಜ್ಜೆ 1: ಆಟಗಾರರ ಪಟ್ಟಿಗಿಂತ ಮೊದಲು ಕರಾರನ್ನು ಓದಿ

ಲೀಗಿನ ತಂಡವೊಂದಕ್ಕೆ ಹಣ ಬರುವ ದಾರಿಗಳು ಮೂರು. ಪ್ರಸಾರ ಹಕ್ಕು ಮತ್ತು ಶೀರ್ಷಿಕೆ ಪ್ರಾಯೋಜಕತ್ವದಿಂದ ಬಂದ ಹಣದಲ್ಲಿ ಲೀಗ್ ಹಂಚುವ ಪಾಲು ಒಂದು. ಗೆದ್ದರೆ ಸಿಗುವ ಬಹುಮಾನ ಇನ್ನೊಂದು. ಟಿಕೆಟ್, ಜರ್ಸಿ ಮತ್ತು ತಂಡವೇ ಹುಡುಕಿಕೊಂಡ ಪ್ರಾಯೋಜಕರಿಂದ ಬರುವುದು ಮೂರನೆಯದು. ಐಪಿಎಲ್‌ನಲ್ಲಿ ಮೊದಲನೆಯದೇ ಹೊಳೆಯಾಗಿ ಹರಿಯುತ್ತದೆ. 2018ರಿಂದ 2022ರವರೆಗಿನ ಪ್ರಸಾರ ಹಕ್ಕು ₹16,347.5 ಕೋಟಿಗೆ ಹೋಗಿದ್ದರೆ, 2023ರಿಂದ 2027ರವರೆಗಿನದು ₹48,390 ಕೋಟಿಗೆ ಹೋಯಿತು. 410 ಪಂದ್ಯಗಳಿಗೆ ಹಂಚಿ ನೋಡಿದರೆ ಪಂದ್ಯವೊಂದಕ್ಕೆ ₹118 ಕೋಟಿ. ಸಣ್ಣ ಲೀಗುಗಳಲ್ಲಿ ಈ ಹೊಳೆ ಇರುವುದಿಲ್ಲ. ಅಲ್ಲಿ ನೇರಪ್ರಸಾರದ ವೆಚ್ಚವನ್ನು ಸಂಘಟಕರೇ ಭರಿಸಬೇಕಾಗಿ ಬರುವುದೂ ಉಂಟು. ಆದ್ದರಿಂದ ಐದು ವರ್ಷಗಳ ಅಂದಾಜು ಪಟ್ಟಿ ಮಾಡುವಾಗ ಮೊದಲ ಎರಡು ದಾರಿಗಳ ಎದುರು ಸೊನ್ನೆ ಬರೆದು, ಮೂರನೆಯದರ ಬಲದ ಮೇಲೆ ತಂಡ ಎಷ್ಟು ವರ್ಷ ನಿಲ್ಲಬಲ್ಲದೆಂದು ನೋಡಿ. ಮೂರು ವರ್ಷಕ್ಕಿಂತ ಕಡಿಮೆ ಎಂದಾದರೆ ಕೊಳ್ಳುವ ಯೋಚನೆಯನ್ನು ಮುಂದೂಡುವುದೇ ಲೇಸು.

ಐಪಿಎಲ್‌ನಿಂದ ಕಣ್ಮರೆಯಾದ ತಂಡಗಳ ಕಥೆಯನ್ನು ಹೊಸ ಮಾಲೀಕರು ಗಮನವಿಟ್ಟು ಓದಬೇಕು. ಕೊಚ್ಚಿ ಟಸ್ಕರ್ಸ್ ಒಂದೇ ಆವೃತ್ತಿ ಆಡಿ 2011ರಲ್ಲಿ ಹೊರಬಿತ್ತು. 2009ರ ಚಾಂಪಿಯನ್ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಮಾನ್ಯತೆ ಕಳೆದುಕೊಂಡಿತು. ಪುಣೆ ವಾರಿಯರ್ಸ್ 2013ರಲ್ಲಿ ಮುಗಿಯಿತು. ಮೂರರಲ್ಲೂ ಕಟ್ಟಕಡೆಗೆ ಎದ್ದ ತಕರಾರು ಬ್ಯಾಂಕ್ ಗ್ಯಾರಂಟಿಯದು, ಅಂದರೆ ಮಾಲೀಕರು ಹಣ ಕಟ್ಟದಿದ್ದರೆ ಬ್ಯಾಂಕೇ ಕಟ್ಟುವುದೆಂಬ ಭರವಸೆ ಪತ್ರದ್ದು. ಕೊಚ್ಚಿ ಮತ್ತು ಡೆಕ್ಕನ್ ತಂಡಗಳು ಅದನ್ನು ಒದಗಿಸಲಾಗದೆ ಕರಾರು ಕಳೆದುಕೊಂಡವು. ಪುಣೆಯವರ ಗ್ಯಾರಂಟಿಯನ್ನು ಕ್ರಿಕೆಟ್ ಮಂಡಳಿ ನಗದು ಮಾಡಿಕೊಂಡಾಗ ಮಾಲೀಕರೇ ಹೊರನಡೆದರು. ಕಪ್ ಗೆದ್ದಿದ್ದ ಡೆಕ್ಕನ್ ತಂಡವನ್ನು ಆ ಕಪ್ ಉಳಿಸಲಿಲ್ಲ. ಹಾಗಾಗಿ ಗ್ಯಾರಂಟಿಯ ಮೊತ್ತವೆಷ್ಟು, ಅದನ್ನು ಪ್ರತಿವರ್ಷ ಯಾವ ದಿನಾಂಕದೊಳಗೆ ನವೀಕರಿಸಬೇಕು, ತಪ್ಪಿದರೆ ಎಷ್ಟು ದಿನಗಳ ಅವಕಾಶವಿದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ.

ಲೀಗಿನ ಆಯಸ್ಸನ್ನೂ ಕೇಳಿ ತಿಳಿಯಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಪಾಲುದಾರರೊಡನೆ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷಗಳ ಒಪ್ಪಂದದ ಅವಧಿ 2025ರ ಡಿಸೆಂಬರಿಗೆ ಮುಗಿಯುತ್ತಿತ್ತು. ಅದರ ನವೀಕರಣ ಇತ್ಯರ್ಥವಾಗದ್ದರಿಂದ ಆ ಪಾಲುದಾರರು ನಡೆಸುತ್ತಿದ್ದ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಟೂರ್ನಿಯ 2025–26ರ ಆವೃತ್ತಿ ನಿಗದಿತ ಕಾಲಕ್ಕೆ ಆರಂಭವಾಗಲೇ ಇಲ್ಲ. ಚೆನ್ನಾಗಿ ನಡೆಯುತ್ತಿದ್ದ ಕ್ಲಬ್ಬುಗಳೂ ಆಟಗಾರರ ಸಂಬಳಕ್ಕೆ ಯೋಚಿಸುವಂತಾಯಿತು. ತಂಡ ನಿಮ್ಮದೇ ಆಗಿರಬಹುದು, ಆದರೆ ಅಂಗಳದ ಬೀಗದ ಕೈ ಯಾರ ಬಳಿ ಇದೆ, ಎಲ್ಲಿಯವರೆಗೆ ಇದೆ ಎಂಬುದು ಗೊತ್ತಿರಲಿ.

ಹೆಜ್ಜೆ 2: ಹೆಸರು, ಬಣ್ಣ, ಭಾಷೆ

ಹೆಸರಿಡುವುದು ತಂಡದ ವ್ಯವಹಾರದಲ್ಲಿ ಅತಿ ಅಗ್ಗದ ಕೆಲಸ, ಬದಲಿಸುವುದು ಅತಿ ದುಬಾರಿ ಕೆಲಸ. ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಬಂದದ್ದು ಮಾಲೀಕರ ಮದ್ಯದ ಬ್ರ್ಯಾಂಡಿನಿಂದ. ಅಭಿಮಾನಿಗಳು ಅದನ್ನು ಆರ್‌ಸಿಬಿ ಎಂಬ ಮೂರು ಅಕ್ಷರಕ್ಕೆ ಇಳಿಸಿ ತಮ್ಮದಾಗಿಸಿಕೊಂಡಿದ್ದರಿಂದ ಆ ಮೂಲ ಇಂದು ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಆದರೆ ಎಲ್ಲ ತಂಡಗಳಿಗೂ ಈ ಭಾಗ್ಯವಿರುವುದಿಲ್ಲ. 2014ರ ನವೆಂಬರ್ 1ರಂದು ನಗರದ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಎಂದಾದರೂ, ತಂಡದ ಹೆಸರಿನ ಕೊನೆಯ ಪದ ಬೆಂಗಳೂರು ಆದದ್ದು 2024ರ ಮಾರ್ಚಿನಲ್ಲಿ. ಸುಮಾರು ಹತ್ತು ವರ್ಷ ತಡವಾಯಿತೆಂಬುದು ನನ್ನ ಅಭಿಪ್ರಾಯ. ಆದರೂ ಆ ಬದಲಾವಣೆಗೆ ಸಿಕ್ಕ ಸ್ವಾಗತವನ್ನು ಕಂಡವರಿಗೆ ಊರಿನ ಹೆಸರಿನ ತೂಕ ಎಷ್ಟೆಂದು ತಿಳಿದಿರುತ್ತದೆ.

ಊರಿನವರನ್ನು ಕೇಳದೆ ಗುರುತನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ವೇಲ್ಸಿನ ಕಾರ್ಡಿಫ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಬಣ್ಣ ನೀಲಿ, ಜನ ಅದನ್ನು ನೀಲಿ ಹಕ್ಕಿಗಳೆಂದೇ ಕರೆಯುತ್ತಿದ್ದರು. ಏಷ್ಯಾದ ಮಾರುಕಟ್ಟೆಯಲ್ಲಿ ಕೆಂಪು ಹೆಚ್ಚು ಮಾರಾಟವಾಗುತ್ತದೆಂದು ಮಲೇಷ್ಯಾದ ಮಾಲೀಕರು 2012ರಲ್ಲಿ ಜರ್ಸಿಯನ್ನು ಕೆಂಪಾಗಿಸಿದರು. ಮರುವರ್ಷವೇ ತಂಡ ಕೆಂಪು ಜರ್ಸಿಯಲ್ಲೇ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದರೂ ಅಭಿಮಾನಿಗಳ ಸಿಟ್ಟು ಇಳಿಯಲಿಲ್ಲ. 2015ರ ಜನವರಿಯಲ್ಲಿ ನೀಲಿಗೆ ಮರಳಲೇಬೇಕಾಯಿತು. ಕೋಲ್ಕತ್ತದಲ್ಲಿ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಕ್ಲಬ್ 2020ರಲ್ಲಿ ಅದೇ ಊರಿನ ಎಟಿಕೆ ಎಂಬ ಫುಟ್‌ಬಾಲ್ ಕ್ಲಬ್ಬಿನ ಜೊತೆ ಒಂದಾದಾಗ ಹಸಿರು–ಕಡುಗೆಂಪು ಬಣ್ಣ ಉಳಿದರೂ ಹೆಸರಿನ ಮುಂದೆ ಸೇರಿದ ಆ ಮೂರು ಅಕ್ಷರಗಳನ್ನು ಅಭಿಮಾನಿಗಳು ಒಪ್ಪಲಿಲ್ಲ. 2023ರಲ್ಲಿ ತಂಡ ಚಾಂಪಿಯನ್ ಆದ ಸಂದರ್ಭದಲ್ಲೇ ಮಾಲೀಕರು ಆ ಅಕ್ಷರಗಳನ್ನು ಕೈಬಿಡುವುದಾಗಿ ಘೋಷಿಸಿದರು. ಎರಡೂ ಕಡೆ ಗೆಲುವು ಇತ್ತು. ಎರಡೂ ಕಡೆ ಗೆಲುವು ಸಾಲಲಿಲ್ಲ.

ಈ ಹಂತದಲ್ಲಿ ಮಾಡಬೇಕಾದ ಕೆಲಸಗಳು ಹೀಗಿವೆ. ಹೆಸರು ನಿಮ್ಮ ಊರಿನ ಸಾಮಾನ್ಯ ಪ್ರೇಕ್ಷಕನ ಬಾಯಲ್ಲಿ ತೊಡಕಿಲ್ಲದೆ ಹೊರಡಬೇಕು. ಗ್ಯಾಲರಿಯಲ್ಲಿ ಐದು ಸಾವಿರ ಜನ ಒಟ್ಟಿಗೆ ಕೂಗುವಾಗ ಅದು ಎರಡು ಅಥವಾ ಮೂರು ಹೊಡೆತಗಳಲ್ಲಿ ಮುಗಿಯುವಂತಿದ್ದರೆ ಇನ್ನೂ ಒಳ್ಳೆಯದು. ಹೆಸರನ್ನೂ ಲಾಂಛನವನ್ನೂ ಪ್ರಕಟಿಸುವ ಮೊದಲೇ ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಹಾಕಿ. ಉಡುಪುಗಳಿಗೆ 25ನೆಯ ವರ್ಗ, ಕ್ರೀಡೆ ಮತ್ತು ಮನರಂಜನೆಗೆ 41ನೆಯ ವರ್ಗ. ನೋಂದಣಿ ಹತ್ತು ವರ್ಷ ಊರ್ಜಿತವಾಗಿದ್ದು ಮತ್ತೆ ನವೀಕರಿಸಬಹುದು. ಅರ್ಜಿ ಕಂಪನಿಯ ಹೆಸರಿನಲ್ಲಿರಲಿ, ಪಾಲುದಾರರಲ್ಲಿ ಒಬ್ಬರ ಹೆಸರಿನಲ್ಲಿ ಖಂಡಿತ ಬೇಡ. ಕನ್ನಡ ಲಿಪಿಯ ಲಾಂಛನವನ್ನು ಇಂಗ್ಲಿಷಿನದರ ಜೊತೆಯಲ್ಲೇ ಬರೆಸಿ. ಆಮೇಲೆ ಬರೆಸಿದ ಅಕ್ಷರಗಳು ಯಾವಾಗಲೂ ಅಂಟಿಸಿದಂತೆ ಕಾಣುತ್ತವೆ.

ಘೋಷವಾಕ್ಯದ ವಿಷಯದಲ್ಲಿ ಮಾತ್ರ ಸ್ವಲ್ಪ ಕೈ ಸಡಿಲಿಸಬೇಕು. ‘ಈ ಸಲ ಕಪ್ ನಮ್ದೆ’ ಎಂಬುದು ಜಾಹೀರಾತಿನ ಭಾಷೆಯಾಗಿರದೆ ಬೀದಿಯ ಮಾತಿನ ಧಾಟಿಯಲ್ಲಿ ಇರುವುದರಿಂದಲೇ ಗೆದ್ದಿತು. ವ್ಯಾಕರಣಬದ್ಧವಾಗಿ ‘ನಮ್ಮದೇ’ ಎಂದಿದ್ದರೆ ಅಷ್ಟು ಹಬ್ಬುತ್ತಿರಲಿಲ್ಲವೆಂದು ನನಗನ್ನಿಸುತ್ತದೆ. ಪ್ರತಿ ಸೋಲಿನ ನಂತರ ಎದುರಾಳಿಗಳು ಅದನ್ನೇ ಹಿಡಿದು ಗೇಲಿ ಮಾಡಿದರು, ಮರುವರ್ಷ ಅಭಿಮಾನಿಗಳು ಅದನ್ನೇ ಇನ್ನೂ ಜೋರಾಗಿ ಕೂಗಿದರು. ಗೇಲಿಯನ್ನು ನ್ಯಾಯಾಲಯದ ಮೂಲಕ ತಡೆಯುವುದು ಸುಲಭವಲ್ಲ: ಟ್ಯಾಕ್ಸಿ ಸೇವೆಯೊಂದರ ಜಾಹೀರಾತು ತನ್ನ ಹೆಸರನ್ನು ಹಂಗಿಸಿತೆಂದು ಆರ್‌ಸಿಬಿ ಸಲ್ಲಿಸಿದ ದಾವೆಯಲ್ಲಿ ಮಧ್ಯಂತರ ತಡೆ ನೀಡಲು ದೆಹಲಿ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ನಿರಾಕರಿಸಿತು. ನಕಲಿ ಜರ್ಸಿ ಮಾರುವವರ ವಿರುದ್ಧ ಟ್ರೇಡ್‌ಮಾರ್ಕ್ ಬಳಸಿ, ತಮಾಷೆಯನ್ನು ಅಭಿಮಾನಿಗಳ ಪಾಲಿಗೆ ಬಿಡಿ.

ಹೆಜ್ಜೆ 3: ಮೊದಲ ಸಾವಿರ ಮಂದಿ

ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ–ಲೀಗ್ ಗೆದ್ದಿತು. ಅದಕ್ಕಿಂತ ದೊಡ್ಡ ಸಾಧನೆಯೆಂದು ನಾನು ತಿಳಿಯುವುದು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗವನ್ನು. ತಾವು ನಿಂತು ಕೂಗುತ್ತಿದ್ದ ಪಶ್ಚಿಮದ ಗ್ಯಾಲರಿಯ ಹೆಸರನ್ನೇ ಇಟ್ಟುಕೊಂಡ ಆ ಬಳಗ, ಕ್ಲಬ್ಬಿನ ಸಂಬಳವಿಲ್ಲದೆ, ತನ್ನದೇ ಹಾಡುಗಳನ್ನೂ ಬ್ಯಾನರುಗಳನ್ನೂ ಕಟ್ಟಿಕೊಂಡು ಬೆಳೆಯಿತು. 2016ರಲ್ಲಿ ತಂಡ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದಾಗ, ಅಲ್ಲಿಯವರೆಗೆ ಫುಟ್‌ಬಾಲನ್ನು ಹಲಸೂರು, ಆಸ್ಟಿನ್ ಟೌನ್ ಕಡೆಯವರ ಆಟವೆಂದು ತಿಳಿದಿದ್ದ ಬೆಂಗಳೂರಿನವರೂ ಕಂಠೀರವದ ಕಡೆ ತಿರುಗಿ ನೋಡಿದರು.

ಇಂಥ ಬಳಗವನ್ನು ಕೊಂಡುಕೊಳ್ಳಲಾಗದು, ಆದರೆ ಅದು ಬೆಳೆಯಲು ಜಾಗ ಮಾಡಿಕೊಡಬಹುದು. ಕ್ರೀಡಾಂಗಣದ ಒಂದು ಭಾಗವನ್ನು ಋತುವಿಡೀ ಅದೇ ಗುಂಪಿಗೆ, ಕಡಿಮೆ ದರದ ಋತು ಟಿಕೆಟಿನಲ್ಲಿ ಮೀಸಲಿಡಿ. ಡೋಲು, ತಮಟೆ, ಬ್ಯಾನರುಗಳಿಗೆ ಏನು ಅವಕಾಶ, ಏನು ಇಲ್ಲ ಎಂಬುದನ್ನು ಭದ್ರತಾ ಸಿಬ್ಬಂದಿಯ ಮುಂದೆಯೇ ಮಾತಾಡಿ ಬರೆದುಕೊಡಿ. ಪ್ರತಿ ಪಂದ್ಯದಲ್ಲೂ ಬಾಗಿಲಲ್ಲಿ ಜಗಳವಾಡಿಸಿದರೆ ನಾಲ್ಕನೆಯ ಪಂದ್ಯಕ್ಕೆ ಅವರು ಬರುವುದಿಲ್ಲ. ಅಭಿಮಾನಿಗಳ ಫೋನ್ ಎತ್ತಲೆಂದೇ ಒಬ್ಬ ಸಿಬ್ಬಂದಿಯನ್ನು ನೇಮಿಸಿ. ಸೋತ ದಿನವೂ ಆಟಗಾರರು ಆ ಗ್ಯಾಲರಿಯ ಮುಂದೆ ಹೋಗಿ ಕೈಮುಗಿದು ಬರುವುದನ್ನು ತಂಡದ ನಿಯಮವನ್ನಾಗಿ ಮಾಡಿ. 2018ರಲ್ಲಿ ಕಾವೇರಿ ಪ್ರತಿಭಟನೆಯ ಕಾರಣದಿಂದ ಚೆನ್ನೈ ಸೂಪರ್ ಕಿಂಗ್ಸ್ ತನ್ನ ತವರು ಪಂದ್ಯಗಳನ್ನು ಪುಣೆಗೆ ಸ್ಥಳಾಂತರಿಸಬೇಕಾದಾಗ, ಆ ತಂಡ ಅಭಿಮಾನಿಗಳಿಗೆಂದು ಚೆನ್ನೈಯಿಂದ ಪುಣೆಗೆ ವಿಶೇಷ ರೈಲನ್ನೇ ಹೊರಡಿಸಿತು. ಸಣ್ಣ ತಂಡಕ್ಕೆ ರೈಲು ಸಾಧ್ಯವಿಲ್ಲ, ಹುಬ್ಬಳ್ಳಿಯಿಂದ ಮೈಸೂರಿಗೆ ಎರಡು ಬಸ್ಸು ಸಾಧ್ಯವಿದೆ.

ಆಟವೇ ಹೊಸಬರಿಗೆ ಅರ್ಥವಾಗುವಂತಿರಬೇಕು ಎಂಬುದನ್ನು 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ತೋರಿಸಿಕೊಟ್ಟಿತು. ರೈಡಿಗೆ 30 ಸೆಕೆಂಡುಗಳ ಗಡಿಯಾರ, ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ ಎಂಬ ನಿಯಮ ಮುಂತಾದವುಗಳಿಂದ, ಹಳ್ಳಿಯ ಅಂಗಳದ ಆಟ ಮನೆಯ ಪರದೆಯ ಮೇಲೂ ಉಸಿರು ಬಿಗಿಹಿಡಿಯುವಂತಾಯಿತು. ನಿಮ್ಮ ಲೀಗಿನಲ್ಲಿ ನಿಯಮ ಬದಲಿಸುವ ಅಧಿಕಾರ ನಿಮಗಿರದಿದ್ದರೂ, ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಆಟವನ್ನು ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರನ್ನು ಕೂರಿಸುವ ಅಧಿಕಾರವಂತೂ ಇದೆ.

ಟಿಕೆಟ್ ದರ ನಿಗದಿ ಮಾಡುವಾಗ ತೆರಿಗೆಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್‌ನಂಥ ಟೂರ್ನಿಗಳ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು; ಮಾನ್ಯತೆ ಪಡೆದ ಕ್ರೀಡಾಕೂಟಗಳ ₹500ರವರೆಗಿನ ಟಿಕೆಟಿಗೆ ತೆರಿಗೆ ವಿನಾಯಿತಿ ಇದೆ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18. ನಿಮ್ಮ ಟೂರ್ನಿ ಯಾವ ಗುಂಪಿಗೆ ಸೇರುತ್ತದೆಂದು ಲೆಕ್ಕಪರಿಶೋಧಕರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಟಿಕೆಟ್ ಕೊಂಡವರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿ ಟಿಕೆಟ್ ಮಾರುವ ಆ್ಯಪಿನವರ ಬಳಿ ಮಾತ್ರ ಉಳಿಯದೆ, ಖರೀದಿದಾರರ ಒಪ್ಪಿಗೆಯೊಂದಿಗೆ ನಿಮಗೂ ದೊರೆಯುವಂತೆ ಕರಾರಿನಲ್ಲೇ ಬರೆಸಿಕೊಳ್ಳಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಆ ಒಪ್ಪಿಗೆ ಸ್ಪಷ್ಟವಾಗಿರಬೇಕು.

ಹೆಜ್ಜೆ 4: ತಾರೆಯ ಮೇಲೆ ಮನೆ ಕಟ್ಟಬೇಡಿ, ಆದರೆ ತಾರೆಯನ್ನು ಗೌರವಿಸಿ

2008ರಿಂದ ಒಂದೇ ತಂಡಕ್ಕೆ ಆಡಿದ ವಿರಾಟ್ ಕೊಹ್ಲಿ, 2013ರಿಂದ ಬೆಂಗಳೂರು ಎಫ್‌ಸಿಯ ಮುಖವಾಗಿದ್ದ ಸುನಿಲ್ ಛೆಟ್ರಿ, ಇಬ್ಬರೂ ಅಪರೂಪದ ಭಾಗ್ಯಗಳು. ಸಾಮಾನ್ಯ ಸ್ಥಿತಿ ಬೇರೆ. 2019ರ ಜನವರಿಯ ಫೈನಲಿನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟ ಪವನ್ ಸೆಹ್ರಾವತ್ 2022ರ ಹರಾಜಿನಲ್ಲಿ ₹2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. ಹರಾಜಿನ ಪದ್ಧತಿ ಇರುವಲ್ಲಿ ಇದು ಯಾರ ತಪ್ಪೂ ಅಲ್ಲ. ಆದ್ದರಿಂದ ಯಾವುದೇ ಪ್ರಚಾರದಲ್ಲಿ ಕನಿಷ್ಠ ಮೂವರು ಆಟಗಾರರ ಮುಖವಿರಲಿ, ಅವರಲ್ಲಿ ಒಬ್ಬರಾದರೂ ಈ ನೆಲದವರಾಗಿರಲಿ. ಆಟಗಾರರ ಕರಾರಿನಲ್ಲಿ ಪ್ರಾಯೋಜಕರಿಗಾಗಿ ವರ್ಷಕ್ಕೆ ಎಷ್ಟು ದಿನ ಬರಬೇಕು, ತಂಡ ಬಿಟ್ಟ ಮೇಲೆ ಅವರ ಚಿತ್ರಗಳನ್ನು ಎಷ್ಟು ಕಾಲ ಬಳಸಬಹುದು ಎಂಬುದು ಸ್ಪಷ್ಟವಾಗಿರಬೇಕು. ಬಿಟ್ಟುಹೋದವರನ್ನು ಹೇಗೆ ನಡೆಸಿಕೊಳ್ಳುತ್ತೀರೆಂಬುದನ್ನು ಇರುವವರು ನೋಡುತ್ತಿರುತ್ತಾರೆ: ಎಬಿ ಡಿವಿಲಿಯರ್ಸ್ ಮತ್ತು ಕ್ರಿಸ್ ಗೇಲ್ ತೊಟ್ಟಿದ್ದ 17 ಮತ್ತು 333 ಸಂಖ್ಯೆಯ ಜರ್ಸಿಗಳನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಆರ್‌ಸಿಬಿ 2023ರಲ್ಲಿ ಪ್ರಕಟಿಸಿದಾಗ ಅದಕ್ಕೆ ಖರ್ಚಾದ ಹಣ ಅತ್ಯಲ್ಪ.

ಮಹಿಳಾ ತಂಡವನ್ನು ಎರಡನೆಯ ಸಾಲಿನಲ್ಲಿ ಕೂರಿಸುವವರು ಈ ದಿನಾಂಕವನ್ನು ನೆನಪಿಡಬೇಕು: ಆರ್‌ಸಿಬಿ ಹೆಸರಿನ ಮೊದಲ ಕಪ್ ಬಂದದ್ದು 2024ರ ಮಾರ್ಚ್ 17ರಂದು, ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡದಿಂದ. ₹901 ಕೋಟಿಗೆ ಕೊಂಡ ಆ ತಂಡದಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ ಫೈನಲಿನಲ್ಲಿ ನಾಲ್ಕು ವಿಕೆಟ್ ಪಡೆದು, ಟೂರ್ನಿಯಲ್ಲೇ ಅತಿ ಹೆಚ್ಚು ವಿಕೆಟ್ ಗಳಿಸಿದವರಾದರು. ಊರಿನ ಹುಡುಗಿ ಊರಿನ ತಂಡಕ್ಕೆ ಕಪ್ ತಂದುಕೊಟ್ಟಾಗ ಯಾವ ಜಾಹೀರಾತಿಗೂ ಬರೆಯಲಾಗದ ಕಥೆ ತಾನಾಗಿ ಹುಟ್ಟುತ್ತದೆ.

ಹೆಜ್ಜೆ 5: ಪ್ರಾಯೋಜಕರನ್ನು ಆರಿಸುವಾಗ

2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದ ಕೆಲವೇ ದಿನಗಳಲ್ಲಿ ಭಾರತ ಕ್ರಿಕೆಟ್ ತಂಡದ ಜರ್ಸಿಯಿಂದ ಡ್ರೀಮ್11 ಹೆಸರು ಮರೆಯಾಯಿತು. ದೊಡ್ಡ ಮಂಡಳಿಗೆ ಹೊಸ ಪ್ರಾಯೋಜಕರು ಬೇಗ ಸಿಕ್ಕರು. ಆ ಬಗೆಯ ಆ್ಯಪುಗಳನ್ನೇ ನಂಬಿದ್ದ ಸಣ್ಣ ತಂಡಕ್ಕೆ ಆ ಅನುಕೂಲವಿಲ್ಲ. ಪ್ರಾಯೋಜಕತ್ವದ ಒಟ್ಟು ಮೊತ್ತದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಬಗೆಯ ಉದ್ಯಮದಿಂದ ಬರಬಾರದು ಎಂಬ ಮಿತಿಯನ್ನು ಹಾಕಿಕೊಳ್ಳಲು ನಾನು ಸಲಹೆ ಕೊಡುತ್ತೇನೆ. ಮದ್ಯ, ತಂಬಾಕುಗಳ ಹೆಸರನ್ನು ಸೋಡಾ, ಏಲಕ್ಕಿಯ ನೆಪದಲ್ಲಿ ಹೊತ್ತು ತಿರುಗುವ ಜಾಹೀರಾತುಗಳನ್ನು ಮಕ್ಕಳು ತೊಡುವ ಜರ್ಸಿಯ ಮೇಲೆ ಹಾಕದಿರುವುದು ಕಾನೂನಿಗೂ ಮೀರಿದ ಮಾತು.

ಹತ್ತಿರದಲ್ಲಿರುವವರನ್ನು ಮೊದಲು ಕೇಳಿ. 2024ರ ಟಿ20 ವಿಶ್ವಕಪ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳದ ನಂದಿನಿ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಿತು. ದೊಡ್ಡ ತಂಡಗಳ ಜರ್ಸಿಯಲ್ಲಿ ಹತ್ತರಲ್ಲಿ ಒಂದಾಗುವುದಕ್ಕಿಂತ ಸಣ್ಣ ತಂಡದ ಜರ್ಸಿಯಲ್ಲಿ ಎದ್ದು ಕಾಣುವುದು ಲಾಭವೆಂದು ಸಹಕಾರಿ ಸಂಸ್ಥೆಯೊಂದು ತಿಳಿದಿದ್ದರೆ, ನಿಮ್ಮ ಜಿಲ್ಲೆಯ ಸಹಕಾರಿ ಬ್ಯಾಂಕಿಗೂ ಬಟ್ಟೆ ಅಂಗಡಿಗೂ ಅದನ್ನು ತಿಳಿಸಿ ಹೇಳಬಹುದು. ಪ್ರಸ್ತಾವದಲ್ಲಿ ಕೊಡಲಾಗದ್ದನ್ನು ಬರೆಯಬೇಡಿ, ಮತ್ತು ಋತು ಮುಗಿದ ಹದಿನೈದು ದಿನದೊಳಗೆ ಒಪ್ಪಿಕೊಂಡದ್ದೇನು, ಕೊಟ್ಟದ್ದೇನು ಎಂಬ ವರದಿಯನ್ನು ಚಿತ್ರಗಳ ಸಮೇತ ಅವರು ಕೇಳುವ ಮೊದಲೇ ತಲುಪಿಸಿ.

ಹೆಜ್ಜೆ 6: ಕರೆದವರೇ ಕಾಯಬೇಕು

ಈ ಭಾಗವನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಆರ್‌ಸಿಬಿ ಅಹಮದಾಬಾದಿನಲ್ಲಿ ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಸೇರಿದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು, ಹಲವಾರು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ತಂಡದ ಮೇಲಿನ ಪ್ರೀತಿ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಅಲ್ಲಿಗೆ ಬಂದವರಲ್ಲ. ಹೊಣೆ ಯಾರದೆಂದು ನಿರ್ಣಯಿಸುವುದು ತನಿಖೆ ಮತ್ತು ನ್ಯಾಯಾಲಯಗಳ ಕೆಲಸ. ನಂತರ ನಡೆದ ವಿಚಾರಣೆಯಲ್ಲಿ ದೊಡ್ಡ ಜನಸಂದಣಿಗೆ ಆ ಕ್ರೀಡಾಂಗಣ ಸುರಕ್ಷಿತವಲ್ಲವೆಂಬ ಅಭಿಪ್ರಾಯ ಬಂದು, ಆ ವರ್ಷದ ಮಹಿಳಾ ವಿಶ್ವಕಪ್‌ನ ತಾಣಗಳ ಪಟ್ಟಿಯಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ಹದಿನೇಳು ವರ್ಷ ಕಾದು ಪಡೆದ ಸಂತೋಷವನ್ನು ಊರು ಒಂದು ದಿನವೂ ಪೂರ್ತಿ ಅನುಭವಿಸಲಿಲ್ಲ.

ಬ್ರ್ಯಾಂಡ್ ಎಂಬುದು ಜನರನ್ನು ಕರೆಯುವ ಶಕ್ತಿ. ಆ ಶಕ್ತಿ ಬೆಳೆದಷ್ಟೂ ಕರೆಯುವ ಕೈ ನಿಧಾನವಾಗಬೇಕು. ಪೊಲೀಸರ ಮತ್ತು ಸ್ಥಳೀಯ ಆಡಳಿತದ ಲಿಖಿತ ಅನುಮತಿ ಕೈಗೆ ಬರುವವರೆಗೆ ಮೆರವಣಿಗೆ, ಸನ್ಮಾನ, ಉಚಿತ ಪ್ರವೇಶ ಎಂಬ ಯಾವ ಪದವೂ ತಂಡದ ಸಾಮಾಜಿಕ ಜಾಲತಾಣದ ಖಾತೆಗಳಿಂದ ಹೊರಡಬಾರದು. ಆ ಖಾತೆಗಳಲ್ಲಿ ಕಾರ್ಯಕ್ರಮದ ಪ್ರಕಟಣೆ ಹಾಕಲು ಸುರಕ್ಷತಾ ಅಧಿಕಾರಿಯ ಸಹಿ ಕಡ್ಡಾಯವಾಗಲಿ. ಉಚಿತ ಕಾರ್ಯಕ್ರಮವಾದರೂ ಮುಂಗಡ ನೋಂದಣಿಯ ಪಾಸ್ ಇರಲಿ, ಪಾಸಿನಲ್ಲಿ ಗೇಟಿನ ಸಂಖ್ಯೆ ಇರಲಿ, ಗೇಟುಗಳು ತೆರೆಯುವ ಹೊತ್ತನ್ನು ಮೊದಲೇ ತಿಳಿಸಿ ಆ ಹೊತ್ತಿಗೇ ತೆರೆಯಿರಿ. ಒಳಗೆ ಎಷ್ಟು ಜನರಿದ್ದಾರೆಂಬ ಎಣಿಕೆ ಕ್ಷಣಕ್ಷಣಕ್ಕೆ ಒಬ್ಬರ ಕೈಯಲ್ಲಿರಬೇಕು, ಮತ್ತು ಯಾರ ಒಪ್ಪಿಗೆಯನ್ನೂ ಕಾಯದೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಗೆದ್ದ ಮರುದಿನವೇ ಸಂಭ್ರಮಿಸಬೇಕೆಂಬ ನಿಯಮವೇನೂ ಇಲ್ಲ. ಒಂದು ವಾರ ಬಿಟ್ಟು, ಮೂರು ಊರುಗಳಲ್ಲಿ ಹಂಚಿ ಮಾಡಿದರೂ ಕಪ್ ಅದೇ ಕಪ್. ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ಇದೇ ಮಾತು ತಾತ್ಕಾಲಿಕವಾಗಿ ಕಟ್ಟುವ ಮರದ ಗ್ಯಾಲರಿಗಳಿಗೂ ಅನ್ವಯಿಸುತ್ತದೆ: ಎಂಜಿನಿಯರರ ಪ್ರಮಾಣಪತ್ರವಿಲ್ಲದೆ ಯಾರನ್ನೂ ಅದರ ಮೇಲೆ ಹತ್ತಿಸಬೇಡಿ.

ಹೆಜ್ಜೆ 7: ಋತು ಮುಗಿದ ಮೇಲಿನ ಲೆಕ್ಕ

ಹಿಂಬಾಲಕರ ಸಂಖ್ಯೆಯನ್ನು ನೋಡಿ ಸಂತೋಷಪಡುವವರೇ ಹೆಚ್ಚು. ನಾನು ನೋಡಲು ಹೇಳುವ ಅಂಕಿಗಳು ಬೇರೆ: ಕಳೆದ ವರ್ಷ ಋತು ಟಿಕೆಟ್ ಕೊಂಡವರಲ್ಲಿ ಎಷ್ಟು ಮಂದಿ ಈ ವರ್ಷವೂ ಕೊಂಡರು, ಸತತ ಮೂರು ಪಂದ್ಯ ಸೋತ ನಂತರದ ನಾಲ್ಕನೆಯ ತವರು ಪಂದ್ಯಕ್ಕೆ ಎಷ್ಟು ಜನ ಬಂದರು, ತಾರೆಯ ಹೆಸರಿಲ್ಲದ, ಬರೀ ತಂಡದ ಹೆಸರಿನ ಜರ್ಸಿ ಎಷ್ಟು ಮಾರಾಟವಾಯಿತು, ಪ್ರಾಯೋಜಕರಲ್ಲಿ ಎಷ್ಟು ಮಂದಿ ತಾವಾಗಿಯೇ ನವೀಕರಣದ ಮಾತು ಎತ್ತಿದರು. ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ಮುಂದಿನ ಹರಾಜಿಗೆ ಆಟಗಾರರ ಪಟ್ಟಿ ಸಿದ್ಧಪಡಿಸಲು ಕೂರುವ ದಿನ ಮಾಲೀಕರ ಮತ್ತು ತರಬೇತುದಾರರ ಮುಂದೆ ಇಡಿ. ಋತು ಟಿಕೆಟ್ ನವೀಕರಿಸದವರ ಪಟ್ಟಿಯಿಂದ ಇಪ್ಪತ್ತು ಜನರಿಗೆ ಅದೇ ವಾರ ಫೋನ್ ಮಾಡಿ, ಯಾಕೆ ಬರಲಿಲ್ಲವೆಂದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.